ಸೀಲಿಂಗ್‌ಗೆ ಯಾವ ಬಣ್ಣ? ಪದೇ ಪದೇ ಕೇಳುವ ಪ್ರಶ್ನೆಗಳು

ಗೋಡೆಯ ಬಣ್ಣಕ್ಕೆ ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಸೀಲಿಂಗ್ ವಿಷಯ ಬಂದರೆ "ಬಿಳಿ ಹೊಡೆದುಬಿಡಿ" ಅಂದು ಎಲ್ಲರೂ ಎದ್ದು ಹೋಗುತ್ತಾರೆ. ಕೆಲಸ ಮುಗಿದು ಪೇಂಟರ್ ಏಣಿ ಮಡಚಿಕೊಂಡು ಹೋದ ಮೇಲೆ ತಲೆ ಎತ್ತಿ "ಇದ್ಯಾಕೆ ಹೀಗೆ ಕಾಣುತ್ತಿದೆ?" ಅನ್ನುವವರು ಕಡಿಮೆಯಿಲ್ಲ. ನಾನೂ ಹಾಗೆ ನಿಂತವನೇ. ಅದಕ್ಕೆ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇಲ್ಲಿವೆ.

ಎಲ್ಲರೂ ಸೀಲಿಂಗ್‌ಗೆ ಬಿಳಿಯನ್ನೇ ಯಾಕೆ ಹೊಡೆಸುತ್ತಾರೆ?

ಬೆಳಕಿಗಾಗಿ. ಕಿಟಕಿಯಿಂದ ಬಂದ ಬೆಳಕು ನೆಲಕ್ಕೆ, ಗೋಡೆಗೆ ಬಡಿದು ಮೇಲೆ ಹೋಗುತ್ತದೆ. ಬಿಳಿ ಸೀಲಿಂಗ್ ಅದನ್ನು ಮತ್ತೆ ಕೆಳಗೆ ಕಳಿಸುತ್ತದೆ. ಕಿಟಕಿಯಿಂದ ದೂರದ ಮೂಲೆಗೆ ಬೆಳಕು ಮುಟ್ಟುವುದು ಬಹುಪಾಲು ಹೀಗೆ. ಒಳಾಂಗಣ ಬೆಳಕಿನ ಲೆಕ್ಕ ಹಾಕುವವರು ಸೀಲಿಂಗ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 70ರಿಂದ 90ರಷ್ಟನ್ನು ವಾಪಸ್ ಕೊಡಲಿ ಅನ್ನುತ್ತಾರೆ. ಗೋಡೆಗೆ 50ರಿಂದ 80 ಸಾಕು, ನೆಲಕ್ಕೆ 20ರಿಂದ 40. ಅಂದರೆ ಕೋಣೆಯಲ್ಲಿ ಎಲ್ಲಕ್ಕಿಂತ ತಿಳಿಯಾಗಿರಬೇಕಾದದ್ದು ಸೀಲಿಂಗ್.

ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ದೊಡ್ಡ ಡಬ್ಬಿ ತಂದರೆ ಇಡೀ ಮನೆಗೆ ಆಯಿತು. ಪೇಂಟರ್‌ಗೂ ಸುಲಭ, ನಮಗೂ ಯೋಚನೆ ತಪ್ಪಿತು.

ಹಾಗಂತ ಬಿಳಿ ತಪ್ಪು ಅಂತಲ್ಲ. ಹತ್ತರಲ್ಲಿ ಏಳು ಕೋಣೆಗೆ ನಾನೂ ಬಿಳಿಯ ಹತ್ತಿರದ್ದೇ ಹೇಳುತ್ತೇನೆ. ಯಾವ ಬಿಳಿ ಅನ್ನುವುದರಲ್ಲೇ ಎಲ್ಲ ಇದೆ.

ಬಿಳಿ ಅಂದರೆ ಬಿಳಿ ಅಲ್ವಾ? ಅದರಲ್ಲೇನು ಆಯ್ಕೆ?

ಅಂಗಡಿಯಲ್ಲಿ ನಾಲ್ಕು ಬಿಳಿ ಶೇಡ್ ಕಾರ್ಡ್‌ಗಳನ್ನು ಒಟ್ಟಿಗೆ ಹಿಡಿದು ನೋಡಿ. ಒಂದು ಕೆನೆಯ ಕಡೆ ವಾಲುತ್ತದೆ, ಒಂದರಲ್ಲಿ ನೀಲಿಯ ಸೆಳಕು, ಒಂದು ತುಸು ಗುಲಾಬಿ, ಇನ್ನೊಂದು ಬೂದಿ. ಒಂದೊಂದನ್ನೇ ನೋಡಿದರೆ ಎಲ್ಲವೂ ಬಿಳಿಯೇ. ಪಕ್ಕದಲ್ಲಿ ಒಂದು ಖಾಲಿ ಬಿಳಿ ಕಾಗದ ಇಟ್ಟರೆ ಒಳಗಿನ ಬಣ್ಣ ತಕ್ಷಣ ಗೊತ್ತಾಗುತ್ತದೆ.

ಇವತ್ತಿನ ಬಿಳಿ ಪೇಂಟಿಗೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಅನ್ನುವ ಪುಡಿ. ಅದರ ಮೇಲೆ ಹನಿ ಹನಿಯಾಗಿ ಬೇರೆ ಬಣ್ಣ ಸೇರಿಸಿ ಈ ಬಗೆಬಗೆಯ ಬಿಳಿಗಳನ್ನು ಮಾಡುತ್ತಾರೆ. ಏನೂ ಸೇರಿಸದ ಅಪ್ಪಟ ಬಿಳಿಯನ್ನೇ ತಂದು ಬಳಿದರೆ ಕೆಲವು ಕೋಣೆಗಳಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಗೋಡೆ ಕೆನೆ ಬಣ್ಣದ್ದಾಗಿದ್ದರಂತೂ, ಪಾಪ, ಹೊಸ ಗೋಡೆಯೂ ಹಳೆಯದಾಗಿ ಕೊಳೆಯಾದಂತೆ ಕಾಣುತ್ತದೆ.

ಗೋಡೆಯಲ್ಲಿ ಹಳದಿ, ಕಂದು, ಇಟ್ಟಿಗೆಯ ಕಡೆಯ ಬಣ್ಣ ಇದ್ದರೆ ಸೀಲಿಂಗ್‌ಗೆ ಬೆಚ್ಚಗಿನ ಬಿಳಿ. ಗೋಡೆ ನೀಲಿ ಅಥವಾ ತಣ್ಣನೆಯ ಬೂದಿಯಾಗಿದ್ದರೆ ಅಪ್ಪಟ ಬಿಳಿ ಇಲ್ಲವೇ ನೀಲಿ ಸೆಳಕಿನ ಬಿಳಿ. ಇದನ್ನು ಉಲ್ಟಾ ಮಾಡಿ ಚೆನ್ನಾಗಿ ಬಂದದ್ದೂ ಉಂಟು, ಆದರೆ ಅದಕ್ಕೆ ಧೈರ್ಯದ ಜೊತೆ ಅದೃಷ್ಟವೂ ಬೇಕು.

ಬಿಳಿಯನ್ನೇ ಹೊಡೆಸಿದ್ದೇವೆ. ಆದರೂ ಬೂದಿ ಬಣ್ಣಕ್ಕೆ ಕಾಣುತ್ತಿದೆ. ಪೇಂಟ್ ಕಲಬೆರಕೆಯಾ?

ಬಹುಶಃ ಅಲ್ಲ. ಇದೊಂದು ವಿಷಯ ಅರ್ಥವಾದರೆ ಮಿಕ್ಕ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೀಲಿಂಗ್‌ಗೆ ಸ್ವಂತ ಬೆಳಕಿಲ್ಲ. ಗೋಡೆಯ ಮೇಲೆ ಕಿಟಕಿಯ ಬೆಳಕು ನೇರ ಬೀಳುತ್ತದೆ. ನೆಲದ ಮೇಲೆ ಬಿಸಿಲೇ ಬೀಳುತ್ತದೆ. ಸೀಲಿಂಗ್ ಮಾತ್ರ ಕೆಳಗೆ ಮುಖ ಮಾಡಿಕೊಂಡಿರುತ್ತದೆ, ಆಕಾಶ ಅದಕ್ಕೆ ಕಾಣುವುದೇ ಇಲ್ಲ. ಅದು ಹಗಲೆಲ್ಲ ಕಾಣಿಸಿಕೊಳ್ಳುವುದು ಕಡ ತಂದ ಬೆಳಕಿನಲ್ಲಿ. ನೆಲ ಕೊಟ್ಟದ್ದು, ಗೋಡೆ ಕೊಟ್ಟದ್ದು, ಹೊರಗಿನ ಅಂಗಳ ಕೊಟ್ಟದ್ದು. ಹಾಗಾಗಿ ಒಂದೇ ಡಬ್ಬಿಯ ಬಿಳಿಯನ್ನು ಗೋಡೆಗೂ ಸೀಲಿಂಗ್‌ಗೂ ಹೊಡೆದರೆ ಹಗಲಲ್ಲಿ ಸಾಮಾನ್ಯವಾಗಿ ಸೀಲಿಂಗ್ ಒಂದು ಮಟ್ಟ ಮಂಕಾಗಿಯೇ ಕಾಣುತ್ತದೆ.

ಕಡ ಕೊಟ್ಟವರು ಬಣ್ಣವನ್ನೂ ಸೇರಿಸಿಯೇ ಕೊಡುತ್ತಾರೆ. ನೆಲ ಕೆಂಪಾಗಿದ್ದರೆ ಬಿಳಿ ಸೀಲಿಂಗ್‌ನಲ್ಲಿ ನಸುಗುಲಾಬಿ ಛಾಯೆ. ಕಿಟಕಿಯಾಚೆ ದಟ್ಟ ಹುಲ್ಲು, ಗಿಡ ಇದ್ದರೆ ಕಿಟಕಿಯ ಹತ್ತಿರ ತಿಳಿಹಸಿರು. ಕಪ್ಪು ಕಲ್ಲಿನ ನೆಲವಾದರೆ ಬೆಳಕೇ ಮೇಲೆ ಹೋಗುವುದಿಲ್ಲ, ಎಂಥ ಬಿಳಿಯೂ ಬೂದಿಯೇ. ನಂಬಿಕೆ ಬರದಿದ್ದರೆ ಬಿಸಿಲು ಬೀಳುವ ಜಾಗದಲ್ಲಿ ಒಂದು ಗಾಢ ಕೆಂಪು ಬೆಡ್‌ಶೀಟ್ ಹಾಸಿ ಮೇಲೆ ನೋಡಿ. ತೆಗೆದು ಮತ್ತೆ ನೋಡಿ.

ಆದ್ದರಿಂದ ಬೂದಿ ಕಾಣುತ್ತಿದೆ ಅಂತ ಇನ್ನೂ ಬಿಳಿಯಾದ ಬಿಳಿ ಹುಡುಕಿಕೊಂಡು ಹೋಗಬೇಡಿ. ನೆಲಕ್ಕೆ ತಿಳಿ ಬಣ್ಣದ ಚಾಪೆಯೋ ಜಮಖಾನವೋ ಹಾಸಿದರೆ, ಇಲ್ಲವೇ ಮೇಲ್ಮುಖವಾಗಿ ಬೆಳಕು ಚೆಲ್ಲುವ ಒಂದು ದೀಪ ಇಟ್ಟರೆ ಇನ್ನೊಂದು ಕೋಟ್‌ಗಿಂತ ಜಾಸ್ತಿ ಉಪಯೋಗವಾಗುತ್ತದೆ.

ಹಾಗಾದರೆ ಶೇಡ್ ಕಾರ್ಡ್ ನೋಡಿ ಆರಿಸುವುದು ಸರಿಯಾ?

ಪಟ್ಟಿ ಮಾಡಿಕೊಳ್ಳುವುದಕ್ಕೆ ಸರಿ. ತೀರ್ಮಾನಕ್ಕೆ ಸಾಲದು.

ನಾನು ಒಮ್ಮೆ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ, ಮೇಜಿನ ಮೇಲಿಟ್ಟ ಕಾರ್ಡ್ ನೋಡಿ ಮಲಗುವ ಕೋಣೆಗೆ ಒಂದು ತಿಳಿ ಹಳದಿ ಆರಿಸಿದ್ದೆ. ಕಾರ್ಡಿನಲ್ಲಿ ಬೆಳಗಿನ ಬಿಸಿಲಿನ ಹಾಗಿತ್ತು. ಸೀಲಿಂಗ್ ಮೇಲೆ ಬಂದಾಗ ಹಳೇ ವೃತ್ತಪತ್ರಿಕೆಯ ಹಾಗಾಯಿತು. ಎರಡು ವರ್ಷ ಅದನ್ನೇ ನೋಡುತ್ತಾ ಮಲಗಿದೆ.

ಈಗ ಮಾಡುವುದು ಹೀಗೆ. ಎರಡಡಿ ಅಗಲ, ಎರಡಡಿ ಉದ್ದದ ದಪ್ಪ ರಟ್ಟಿಗೆ ಸ್ಯಾಂಪಲ್ ಪೇಂಟ್ ಎರಡು ಕೋಟ್ ಬಳಿದು ಪೂರ್ತಿ ಒಣಗಲು ಬಿಡುತ್ತೇನೆ. ಹಸಿ ಪೇಂಟ್ ನೋಡಿ ಏನೂ ಹೇಳಲಾಗದು, ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ. ಆಮೇಲೆ ಅದನ್ನು ಟೇಪ್ ಹಾಕಿ ಸೀಲಿಂಗ್‌ಗೇ ಅಂಟಿಸುತ್ತೇನೆ. ಮೊದಲು ಕಿಟಕಿಯ ಹತ್ತಿರ, ಮಾರನೆ ದಿನ ಕತ್ತಲೆ ಮೂಲೆಯಲ್ಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಸಲ, ರಾತ್ರಿ ದೀಪ ಹಾಕಿ ಒಂದು ಸಲ. ಮಲಗುವ ಕೋಣೆಯಾದರೆ ಮಲಗಿಕೊಂಡೇ ನೋಡಬೇಕು, ನಿಂತು ನೋಡಿದರೆ ಪ್ರಯೋಜನವಿಲ್ಲ.

ಬಣ್ಣ ದೊಡ್ಡ ಜಾಗಕ್ಕೆ ಹರಡಿದಾಗ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಜೋರಾಗಿ ಕಾಣುತ್ತದೆ ಅನ್ನುವುದೂ ನೆನಪಿರಲಿ. ಎರಡು ಶೇಡ್‌ಗಳ ನಡುವೆ ಮನಸ್ಸು ಹೊಯ್ದಾಡಿದರೆ ತಿಳಿ ಬಣ್ಣದ್ದನ್ನೇ ತೆಗೆದುಕೊಳ್ಳಿ.

ಕಾರ್ಡಿನ ಹಿಂದೆ ಎಲ್‌ಆರ್‌ವಿ ಅಂತ ಒಂದು ಅಂಕಿ ಇರುತ್ತದಲ್ಲ, ಏನದು?

ಆ ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ. ಸೊನ್ನೆ ಅಂದರೆ ಎಲ್ಲ ನುಂಗುವ ಕಪ್ಪು, 100 ಅಂದರೆ ಎಲ್ಲ ಹಿಂದಿರುಗಿಸುವ ಬಿಳಿ. ಪೇಂಟ್‌ಗಳು ಈ ಎರಡು ತುದಿಯನ್ನೂ ಮುಟ್ಟುವುದಿಲ್ಲ. ಬೆಳಕು ಕಡಿಮೆ ಇರುವ ಕೋಣೆಗೆ 80ರ ಮೇಲಿನದು ನೋಡಿ. ಈ ಅಂಕಿ ಬಣ್ಣ ಚೆಂದವಾ ಅಂತ ಹೇಳುವುದಿಲ್ಲ. ಹಗಲಲ್ಲೂ ದೀಪ ಹಾಕಬೇಕಾಗುತ್ತದಾ ಅನ್ನುವುದರ ಸುಳಿವು ಮಾತ್ರ ಕೊಡುತ್ತದೆ.

ಗೋಡೆಯ ಬಣ್ಣವನ್ನೇ ತಿಳಿಮಾಡಿ ಸೀಲಿಂಗ್‌ಗೆ ಹಾಕಬಹುದಾ?

ನನ್ನ ಮೆಚ್ಚಿನ ದಾರಿ ಇದೇ. ಬಣ್ಣ ಬೆರೆಸುವ ಮಷಿನ್ ಇರುವ ಅಂಗಡಿಯಲ್ಲಿ ಗೋಡೆಯ ಶೇಡ್ ಹೇಳಿ, ಅದರ ಕಾಲು ಭಾಗ ಇಲ್ಲವೇ ಅರ್ಧ ಪ್ರಮಾಣದ ಬಣ್ಣ ಸೇರಿಸಿ ಅನ್ನಿ. ಗೋಡೆ ಮೊದಲೇ ತಿಳಿಯಾಗಿದ್ದರೆ ಅರ್ಧ. ಗಾಢವಾಗಿದ್ದರೆ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ಆಗ ಗೋಡೆ ಮುಗಿದು ಸೀಲಿಂಗ್ ಶುರುವಾಗುವ ಗೆರೆ ಮೆತ್ತಗಾಗುತ್ತದೆ, ಬಿಳಿ ಮುಚ್ಚಳ ಕವುಚಿದ ಹಾಗೆ ಅನಿಸುವುದಿಲ್ಲ.

ಒಂದು ತೊಡಕಿದೆ. ಕಡಿಮೆ ಬಣ್ಣ ಬೆರೆಸಿದಾಗ ಕೆಲವು ಶೇಡ್‌ಗಳ ಗುಣವೇ ಬದಲಾಗುತ್ತದೆ. ಬೂದಿ ಅಂದುಕೊಂಡದ್ದು ನೇರಳೆಯ ಕಡೆ ತಿರುಗಬಹುದು. ಆದ್ದರಿಂದ ದೊಡ್ಡ ಡಬ್ಬಿಗೆ ಮೊದಲು ಚಿಕ್ಕದೊಂದು ಮಾಡಿಸಿ ರಟ್ಟಿಗೆ ಬಳಿಯಿರಿ. ಡಬ್ಬಿಯ ಮೇಲೆ ಅಂಟಿಸುವ ಬೆರಕೆಯ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೋಡೆಗೂ ಸೀಲಿಂಗ್‌ಗೂ ಒಂದೇ ಬಣ್ಣ ಹೊಡೆದರೆ?

ಚಿಕ್ಕ ಕೋಣೆಗೆ, ಮೂಲೆ ಮುರುಕು ಜಾಸ್ತಿ ಇರುವ ಕೋಣೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಎಲ್ಲಿ ಗೋಡೆ ಮುಗಿಯಿತು ಅಂತ ಕಣ್ಣು ಹುಡುಕುವುದನ್ನು ಬಿಟ್ಟುಬಿಡುತ್ತದೆ, ಕೋಣೆ ಇಕ್ಕಟ್ಟು ಅನಿಸುವುದು ಕಡಿಮೆಯಾಗುತ್ತದೆ. ತೊಲೆ ಅಡ್ಡಾದಿಡ್ಡಿ ಬಂದಿದ್ದರೂ ಅದು ಬಣ್ಣದೊಳಗೆ ಸೇರಿಹೋಗುತ್ತದೆ. ನೆರಳಿನಿಂದಾಗಿ ಸೀಲಿಂಗ್ ಹೇಗೂ ಒಂದು ಮಟ್ಟ ಗಾಢವಾಗಿ ಕಾಣುತ್ತದೆ. ಹಾಗಾಗಿ ಮಧ್ಯಮ ಬಣ್ಣಕ್ಕಿಂತ ಗಾಢವಾದದ್ದನ್ನು ಹೀಗೆ ಸುತ್ತ ಹೊಡೆಸುವ ಮೊದಲು ಎರಡು ಸಲ ಯೋಚಿಸಿ.

ಸೀಲಿಂಗ್ ತಗ್ಗಾಗಿದೆ. ಎತ್ತರ ಕಾಣುವಂತೆ ಮಾಡಬಹುದಾ?

ತಿಳಿ ಬಣ್ಣದ ಸೀಲಿಂಗ್ ಎತ್ತರ ಕಾಣುತ್ತದೆ, ಗಾಢವಾದದ್ದು ಇಳಿದಂತೆ ಕಾಣುತ್ತದೆ ಅನ್ನುವ ಮಾತು ಬರೀ ಪೇಂಟರ್‌ಗಳ ನಂಬಿಕೆಯಲ್ಲ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರಿಗೆ ಬೇರೆ ಬೇರೆ ಬಣ್ಣದ ಕೋಣೆಗಳನ್ನು ತೋರಿಸಿ ಎತ್ತರ ಅಂದಾಜು ಮಾಡಲು ಹೇಳಿದ್ದರು. ಸೀಲಿಂಗ್ ತಿಳಿಯಾದಷ್ಟೂ ಕೋಣೆ ಎತ್ತರ ಕಂಡಿತು. ಗೋಡೆ ತಿಳಿಯಾದಾಗಲೂ ಹಾಗೇ ಆಯಿತು. ನೆಲದ ಬಣ್ಣದಿಂದ ವ್ಯತ್ಯಾಸ ಕಾಣಲಿಲ್ಲ.

ಇದರಲ್ಲಿ ಕೆಲಸಕ್ಕೆ ಬರುವ ಮಾತು ಗೋಡೆಯದ್ದು. ತುಂಬಾ ಜನ ಗೋಡೆಯನ್ನು ಗಾಢ ಮಾಡಿ ಸೀಲಿಂಗ್ ಬಿಳಿ ಬಿಟ್ಟರೆ ಅದು ಎದ್ದು ಕಾಣುತ್ತದೆ, ಎತ್ತರ ಅನಿಸುತ್ತದೆ ಅಂದುಕೊಳ್ಳುತ್ತಾರೆ. ಎರಡೂ ತಿಳಿಯಾಗಿದ್ದರೇ ಲಾಭ. ಗೋಡೆಯ ಮೇಲಿನ ಅಂಚಿನಲ್ಲಿ ಸುತ್ತ ಅಡ್ಡಪಟ್ಟಿ ಬಿಡಿಸುವ ಆಸೆ ಇದ್ದರೆ ತಗ್ಗು ಕೋಣೆಯಲ್ಲಿ ಅದನ್ನು ಬಿಟ್ಟುಬಿಡಿ, ಕಣ್ಣು ಅಲ್ಲಿಗೇ ನಿಲ್ಲುತ್ತದೆ. ಪರದೆ ಕಂಬಿಯನ್ನು ಸೀಲಿಂಗ್‌ಗೆ ಹತ್ತಿರ ಕೂರಿಸಿದರೆ ಪೇಂಟಿನಷ್ಟೇ ಕೆಲಸ ಮಾಡುತ್ತದೆ. ಎಂಟಡಿಗಿಂತ ತಗ್ಗಿದ್ದರೆ ಮಾತ್ರ ಯಾವ ಬಣ್ಣದಿಂದಲೂ ದೊಡ್ಡ ಪವಾಡ ನಿರೀಕ್ಷಿಸಬೇಡಿ.

ಗಾಢ ಬಣ್ಣದ ಸೀಲಿಂಗ್ ಆಸೆ ಇದೆ. ಮನೆಯವರು ಬೇಡ ಅನ್ನುತ್ತಿದ್ದಾರೆ.

ಯಾವ ಕೋಣೆಗೆ ಅನ್ನುವುದರ ಮೇಲೆ ಹೋಗುತ್ತದೆ. ಹತ್ತಡಿಗಿಂತ ಎತ್ತರದ, ಒಳ್ಳೆಯ ಬೆಳಕು ಬರುವ ಕೋಣೆಯಾದರೆ ಗಾಢ ನೀಲಿ, ಕಡು ಹಸಿರು, ಇದ್ದಿಲ ಬಣ್ಣ ಎಲ್ಲವೂ ಚೆಂದ. ಬಿಕೋ ಅನ್ನುವ ಎತ್ತರವನ್ನು ಅದು ಹತ್ತಿರಕ್ಕೆ ತರುತ್ತದೆ. ಪ್ರೊಜೆಕ್ಟರ್ ಹಾಕಿ ಸಿನಿಮಾ ನೋಡುವ ಕೋಣೆಗಂತೂ ಗಾಢವೇ ಸರಿ. ಬಿಳಿ ಸೀಲಿಂಗ್ ಪರದೆಯ ಬೆಳಕನ್ನು ಮತ್ತೆ ಪರದೆಗೇ ಎರಚಿ ಚಿತ್ರದ ಕಪ್ಪನ್ನು ಮಂಕು ಮಾಡುತ್ತದೆ. ರಾತ್ರಿ ಮಾತ್ರ ಬಳಸುವ ಕೋಣೆ, ಓದಿನ ಮೂಲೆ, ಚಿಕ್ಕ ನಡುಮನೆ ದಾರಿ, ಇಲ್ಲೂ ಆಗಬಹುದು.

ಮನೆಯವರ ಕಡೆಯ ವಾದವೂ ಕೇಳಿ. ಗಾಢ ಬಣ್ಣದ ಮೇಲೆ ರೋಲರ್ ಗುರುತು, ಪುಟ್ಟಿ ಸರಿಯಾಗಿ ತಿಕ್ಕದ ಜಾಗ ಕಣ್ಣಿಗೆ ಬೇಗ ಬೀಳುತ್ತದೆ. ಧೂಳು, ಜೇಡರ ಬಲೆ ಬಿಳಿಗಿಂತ ಇದರ ಮೇಲೆ ಬೇಗ ಕಾಣುತ್ತದೆ. ದೀಪಗಳ ಸಂಖ್ಯೆ ಹೆಚ್ಚಿಸಬೇಕಾಗಬಹುದು. ಮುಂದೆ ಬೇಜಾರಾಗಿ ಬಿಳಿಗೆ ಮರಳಬೇಕೆಂದರೆ ಪ್ರೈಮರ್, ಅಂದರೆ ಪೇಂಟಿಗೆ ಮೊದಲು ಬಳಿಯುವ ತಳದ ಕೋಟ್, ಹಾಕದೆ ಆಗುವುದಿಲ್ಲ. ಇಷ್ಟು ಗೊತ್ತಿದ್ದೂ ಬೇಕು ಅನಿಸಿದರೆ ಹೊಡೆಸಿ. ಪೇಂಟ್ ತಾನೆ, ಗೋಡೆ ಒಡೆಯುತ್ತಿಲ್ಲವಲ್ಲ.

ತಿಳಿನೀಲಿ ಹೊಡೆದರೆ ಆಕಾಶದ ಹಾಗಿರುತ್ತದಾ?

ಬಿಸಿಲು ಚೆನ್ನಾಗಿ ಬರುವ ಕೋಣೆಯಲ್ಲಿ ಹೌದು. ಬೆಳಕು ಕಡಿಮೆ ಇದ್ದರೆ ತಿಳಿನೀಲಿ ಬೂದಿಗೆ ತಿರುಗಿ ಮೋಡ ಕವಿದ ಹಾಗಾಗುತ್ತದೆ. ಅಂಥಲ್ಲಿ ನೀಲಿಗೆ ಒಂಚೂರು ಹಸಿರು ಅಥವಾ ನೇರಳೆ ಸೇರಿದ ಶೇಡ್ ನೋಡಿ, ಬೂದಿ ಬೆರೆತದ್ದನ್ನು ಬಿಡಿ.

ಹಳದಿ, ಕಿತ್ತಳೆ, ಕೆಂಪು?

ಎಚ್ಚರಿಕೆಯಿಂದ. ಸೀಲಿಂಗ್‌ನಿಂದ ಚಿಮ್ಮಿದ ಹಳದಿ ಬೆಳಕು ಗೋಡೆಗೆ ಬಡಿದು ಮತ್ತೆ ಸೀಲಿಂಗ್‌ಗೇ ಬರುತ್ತದೆ. ಪ್ರತಿ ಸುತ್ತಿನಲ್ಲೂ ಬಣ್ಣ ಇನ್ನಷ್ಟು ಗಟ್ಟಿಯಾಗುತ್ತದೆ. ಗೋಡೆಯೂ ಅದೇ ಕಡೆಯ ಬಣ್ಣವಾದರೆ ಕೋಣೆಯ ಗಾಳಿಯೇ ಹಳದಿ ಅನಿಸುತ್ತದೆ. ಹಾಗೆಯೇ ಸೀಲಿಂಗ್ ಬಣ್ಣ ಮುಖದ ಮೇಲೂ ಬೀಳುತ್ತದೆ. ಕನ್ನಡಿ ಇರುವ ಕೋಣೆಗೆ ಹಸಿರು ಹೊಡೆಸಿದರೆ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವವರು ಕಾಯಿಲೆಯಿಂದ ಎದ್ದವರ ಹಾಗಿರುತ್ತಾರೆ. ನಸುಗುಲಾಬಿಯಾದರೆ ಮುಖಕ್ಕೆ ಕಳೆ ಬರುತ್ತದೆ.

ಬಲ್ಬಿಗೂ ಸೀಲಿಂಗ್ ಬಣ್ಣಕ್ಕೂ ಸಂಬಂಧ ಇದೆಯಾ?

ರಾತ್ರಿ ಹೊತ್ತು ಅದೇ ಎಲ್ಲ. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಲೆಕ್ಕ ಇರುತ್ತದೆ. 2700, 3000 ಅಂದರೆ ಹಳದಿ ಬೆಳಕು. 4000 ನಡುವಿನದು. 6500 ನೀಲಿ ಕಡೆಯ ಬಿಳಿ. ಕೆನೆ ಬಣ್ಣದ ಸೀಲಿಂಗ್‌ಗೆ 2700ರ ಬಲ್ಬ್ ಹಾಕಿದರೆ ಇನ್ನೂ ಹಳದಿಯಾಗುತ್ತದೆ. ನೀಲಿ ಸೆಳಕಿನ ಬಿಳಿಗೆ 6500 ಹಾಕಿದರೆ ಕಚೇರಿಯಲ್ಲಿ ಕೂತ ಹಾಗೆ. ಒಂದು ಬಲ್ಬಿನ ಕೆಳಗೆ ಒಂದೇ ಥರ ಕಂಡ ಎರಡು ಬಣ್ಣ ಇನ್ನೊಂದು ಬಲ್ಬಿನ ಕೆಳಗೆ ಬೇರೆಯಾಗಿ ಕಾಣುವುದೂ ಉಂಟು. ಮೊದಲು ಬಲ್ಬ್ ತೀರ್ಮಾನ ಮಾಡಿ, ಆಮೇಲೆ ಬಣ್ಣ ನೋಡಿ. ಇಲ್ಲವೇ ಬಣ್ಣ ಹೊಡೆಸಿ ಇಷ್ಟವಾಗದಿದ್ದರೆ ಮತ್ತೆ ಪೇಂಟರ್ ಕರೆಯುವ ಮೊದಲು ಬಲ್ಬ್ ಬದಲಾಯಿಸಿ ನೋಡಿ.

ಮ್ಯಾಟ್ ಒಳ್ಳೆಯದಾ, ಹೊಳಪಿನದಾ?

ಮ್ಯಾಟ್. ಕಿಟಕಿಯ ಬೆಳಕು ಸೀಲಿಂಗ್ ಮೇಲೆ ಓರೆಯಾಗಿ ಸವರಿಕೊಂಡು ಹೋಗುತ್ತದೆ. ಸಣ್ಣ ಉಬ್ಬಿಗೂ ಉದ್ದ ನೆರಳು ಬೀಳುತ್ತದೆ. ಹೊಳಪಿನ ಪೇಂಟ್ ಆ ಉಬ್ಬುತಗ್ಗನ್ನು ಕನ್ನಡಿ ಹಿಡಿದು ತೋರಿಸುತ್ತದೆ, ಮ್ಯಾಟ್ ಅದನ್ನು ಮುಚ್ಚಿಹಾಕುತ್ತದೆ. ಹೊಳಪಿನಲ್ಲಿ ದೀಪದ ಪ್ರತಿಬಿಂಬವೂ ಕಾಣುತ್ತದೆ. ಅದಕ್ಕೇ ಬೇಕಂತಲೇ ಹೊಳಪು ಕೇಳುವವರಿದ್ದಾರೆ. ಎತ್ತರ ಹೆಚ್ಚಿದ ಹಾಗೆ ಕಾಣುತ್ತದೆ, ನಿಜ. ಆದರೆ ಅಷ್ಟು ನಯವಾಗಿ ಪುಟ್ಟಿ ಹಿಡಿದು ಉಪ್ಪುಕಾಗದ ತಿಕ್ಕುವ ಕೈ ಬೇಕು.

ಅಡುಗೆಮನೆ, ಬಚ್ಚಲಿಗೆ?

ಅಲ್ಲಿ ಲೆಕ್ಕ ಬೇರೆ. ಹಬೆ, ಎಣ್ಣೆ ಜಿಡ್ಡು ಎರಡೂ ಮೇಲಕ್ಕೇ ಹೋಗುತ್ತವೆ. ಒರೆಸಿದರೆ ಕಿತ್ತು ಬರದ ಪೇಂಟ್ ಬೇಕು, ಅಂದರೆ ಸಣ್ಣ ಹೊಳಪಿನದು ಅಥವಾ ತೇವ ತಡೆಯುವ ಮ್ಯಾಟ್. ಬಚ್ಚಲಿಗೆ ಬೂಷ್ಟು ತಡೆಯುವ ಪೇಂಟ್ ತೆಗೆದುಕೊಳ್ಳಿ. ಈಗಾಗಲೇ ಬೂಷ್ಟು ಹಿಡಿದಿದ್ದರೆ ಅದನ್ನು ಕೊಂದು, ತೊಳೆದು, ಒಣಗಿಸಿದ ಮೇಲೆ ಪೇಂಟ್. ಅದರ ಮೇಲೇ ಬಳಿದರೆ ಕೆಲವೇ ದಿನಗಳಲ್ಲಿ ಮತ್ತೆ ಇಣುಕುತ್ತದೆ. ಗಾಳಿ ಹೊರಹಾಕುವ ಫ್ಯಾನ್ ಇಲ್ಲದಿದ್ದರೆ ಯಾವ ಪೇಂಟೂ ಪೂರ್ತಿ ಕಾಪಾಡುವುದಿಲ್ಲ.

ಆಯಿಲ್ ಪೇಂಟ್ ಬಗ್ಗೆ ಒಂದು ಮಾತು. ಜಿಡ್ಡು ಒರೆಸುವುದಕ್ಕೆ ಅನುಕೂಲ ಅಂತ ಅಡುಗೆಮನೆ ಸೀಲಿಂಗ್‌ಗೆ ಬಿಳಿ ಆಯಿಲ್ ಪೇಂಟ್ ಹೊಡೆಸುವವರಿದ್ದಾರೆ. ಬೆಳಕು ಕಡಿಮೆ ಬೀಳುವ ಕಡೆ ಅದು ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಅದು ಹೊಗೆಯಿಂದಲ್ಲ, ಪೇಂಟಿನ ಗುಣವೇ ಹಾಗೆ. ನೀರಿನ ಪೇಂಟಿಗೆ ಈ ಕಾಟ ತುಂಬಾ ಕಡಿಮೆ.

ಬಣ್ಣ? ಒಲೆ ಜೋರಾಗಿ ಉರಿಯುವ ಮನೆಯಾದರೆ ಅಪ್ಪಟ ಬಿಳಿಗಿಂತ ಕೆನೆ ಬಿಳಿ ವಾಸಿ. ಇಲ್ಲಣ ಕಟ್ಟಿದ್ದು ಆರು ತಿಂಗಳು ತಡವಾಗಿ ಕಾಣುತ್ತದೆ ಅಂದುಕೊಳ್ಳಿ.

ಸೀಲಿಂಗ್ ಪೇಂಟ್ ಅಂತಲೇ ಬೇರೆ ಡಬ್ಬಿ ಬರುತ್ತದೆ. ಅದೇ ಬೇಕಾ?

ಬೇಕೇ ಬೇಕು ಅಂತಿಲ್ಲ. ಅದು ಸ್ವಲ್ಪ ಗಟ್ಟಿ, ತಲೆ ಮೇಲೆ ಹನಿ ಎರಚುವುದು ಕಡಿಮೆ, ಪೂರ್ತಿ ಮ್ಯಾಟ್. ಬದಲಿಗೆ ಗೋಡೆಯ ಪೇಂಟಿನಷ್ಟು ತಿಕ್ಕಿ ಒರೆಸಲು ಬರುವುದಿಲ್ಲ. ಕೆಲವು ಹಸಿಯಿರುವಾಗ ಗುಲಾಬಿಯಾಗಿದ್ದು ಒಣಗಿದ ಮೇಲೆ ಬಿಳಿಯಾಗುತ್ತವೆ. ಬಿಳಿಯ ಮೇಲೆ ಬಿಳಿ ಹೊಡೆಯುವಾಗ ಎಲ್ಲಿ ಬಿಟ್ಟುಹೋಯಿತು ಅಂತ ಗೊತ್ತಾಗಲಿ ಅನ್ನುವುದಕ್ಕೆ. ನೀವೇ ಏಣಿ ಹತ್ತುವವರಾದರೆ ಇದು ದೊಡ್ಡ ಉಪಕಾರ.

ನೀರು ಇಳಿದ ಕಂದು ಕಲೆ ಇದೆ. ಗಾಢ ಬಣ್ಣ ಹೊಡೆದು ಮುಚ್ಚಬಹುದಾ?

ಸುಮ್ನೆ ಹೊಡೆದರೆ ಮುಚ್ಚುವುದಿಲ್ಲ. ನೀರಿನ ಪೇಂಟಿನ ಮೂಲಕ ಆ ಕಲೆ ಮತ್ತೆ ಮೇಲೆ ಬರುತ್ತದೆ. ಮೊದಲು ಸೋರುವುದನ್ನು ನಿಲ್ಲಿಸಿ. ಆ ಜಾಗ ಪೂರ್ತಿ ಒಣಗಲಿ. ಸಡಿಲವಾದ ಹಕ್ಕಳೆ ಕೆರೆದು, ಕಲೆ ತಡೆಯುವ ಪ್ರೈಮರ್ ಹಾಕಿ, ಆಮೇಲೆ ಬಣ್ಣ. ಕಲೆ ಇರುವಷ್ಟಕ್ಕೇ ಬಳಿದರೆ ತೇಪೆ ಕಾಣುತ್ತದೆ, ಈ ಗೋಡೆಯಿಂದ ಆ ಗೋಡೆಯವರೆಗೆ ಪೂರ್ತಿ ಬಳಿಯಬೇಕು. ಒಣಗಿದ ಮೇಲೂ ಕಲೆಯ ಅಂಚು ದಿನದಿಂದ ದಿನಕ್ಕೆ ಹರಡುತ್ತಿದ್ದರೆ ಸೋರಿಕೆ ನಿಂತಿಲ್ಲ ಅಂತಲೇ ಅರ್ಥ. ಪೆನ್ಸಿಲ್‌ನಲ್ಲಿ ಅಂಚಿಗೆ ಗೆರೆ ಎಳೆದಿಟ್ಟರೆ ಗೊತ್ತಾಗುತ್ತದೆ.

ಫಾಲ್ಸ್ ಸೀಲಿಂಗ್ ಇದೆ. ಎರಡು ಮಟ್ಟಕ್ಕೆ ಎರಡು ಬಣ್ಣ ಕೊಡಲಾ?

ಮಟ್ಟ ಬೇರೆ ಇರುವುದರಿಂದ ನೆರಳಿನ ಗೆರೆ ತಾನಾಗಿಯೇ ಬರುತ್ತದೆ. ಅದರ ಮೇಲೆ ಬಣ್ಣವನ್ನೂ ಬೇರೆ ಮಾಡಿದರೆ ಮನೆ ಮದುವೆ ಮಂಟಪದ ಹಾಗಾಗುತ್ತದೆ ಅಂತ ನನ್ನ ಅಭಿಪ್ರಾಯ. ಬೇಕೇ ಬೇಕೆಂದರೆ ಒಳಗಿನ ತಗ್ಗಿಗೆ ಒಂದು ಮಟ್ಟ ಗಾಢ ಕೊಡಿ, ಅಂಚು ತಿಳಿಯಾಗಿರಲಿ. ಅಂಚಿನಲ್ಲಿ ಅಡಗಿಸಿಟ್ಟ ದೀಪದ ಸಾಲು ಇದ್ದರೆ ಆ ಗೂಡಿನ ಒಳಭಾಗ ಬಿಳಿಯೇ ಇರಬೇಕು, ಮ್ಯಾಟ್ ಆಗಿರಬೇಕು. ಇಲ್ಲದಿದ್ದರೆ ಬೆಳಕಿನ ಬಣ್ಣ ಕೆಡುತ್ತದೆ, ಬಲ್ಬಿನ ಚುಕ್ಕಿಗಳು ಎದ್ದು ಕಾಣುತ್ತವೆ. ಜಿಪ್ಸಮ್ ಹಲಗೆಯ ಸೇರಿಕೆಗಳು ಓರೆ ಬೆಳಕಿನಲ್ಲಿ ಕಾಣುತ್ತವೆಯಾ ಅಂತ ಪ್ರೈಮರ್ ಒಣಗಿದ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿ.

ಮರದ ಸೀಲಿಂಗ್, ಮರದ ತೊಲೆಗಳಿಗೆ ಪೇಂಟ್ ಹೊಡೆಯಬಹುದಾ?

ಒಳ್ಳೆಯ ಮರವಾದರೆ ನನಗೆ ಮನಸ್ಸು ಬರುವುದಿಲ್ಲ. ಪೇಂಟ್ ಹೊಡೆದ ಮರವನ್ನು ಮತ್ತೆ ಮರದ ಬಣ್ಣಕ್ಕೆ ತರುವುದು ತಿಂಗಳ ಕೆಲಸ. ಕೋಣೆ ಕತ್ತಲೆ ಅಂತಾದರೆ ತೊಲೆ ಹಾಗೇ ಬಿಟ್ಟು, ನಡುವಿನ ಜಾಗಕ್ಕೆ ಬೆಚ್ಚಗಿನ ಬಿಳಿ ಕೊಡಿ. ಹೊಡೆಯಲೇಬೇಕು ಅಂದರೆ ಗಂಟುಗಳ ಮೇಲೆ ಅರಗಿನ ಪ್ರೈಮರ್ ಹಾಕಿ. ಇಲ್ಲದಿದ್ದರೆ ಗಂಟಿನ ಅಂಟು ಒಸರಿ ಹಳದಿ ಕಲೆಯಾಗುತ್ತದೆ.

ಅಟ್ಟದ ಇಳಿಜಾರು ಸೀಲಿಂಗ್ ಗೋಡೆಗೆ ಸೇರಿದ್ದಾ, ಸೀಲಿಂಗ್‌ಗಾ?

ಎರಡೂ ಅಲ್ಲ, ಅದಕ್ಕೇ ತಲೆನೋವು. ಎಲ್ಲಕ್ಕೂ ಒಂದೇ ತಿಳಿ ಬಣ್ಣ ಹೊಡೆದರೆ ಪ್ರಶ್ನೆಯೇ ಮುಗಿಯಿತು.

ಪ್ರತಿ ಕೋಣೆಗೂ ಬೇರೆ ಬೇರೆ ಸೀಲಿಂಗ್ ಬಣ್ಣ ಇರಬಹುದಾ?

ಬಾಗಿಲು ಹಾಕಿಕೊಳ್ಳುವ ಕೋಣೆಗಳಿಗೆ ಇರಬಹುದು. ಹಾಲ್, ಊಟದ ಜಾಗ, ಅಡುಗೆಮನೆ ಒಂದಕ್ಕೊಂದು ತೆರೆದುಕೊಂಡಿದ್ದರೆ ಸೀಲಿಂಗ್ ಒಂದೇ ಹಾಳೆಯ ಹಾಗೆ ಹರಿದುಹೋಗಲಿ. ಬಣ್ಣ ಬದಲಾಯಿಸಬೇಕಾದರೆ ತೊಲೆಯೋ ಕಮಾನೋ ಬಂದ ಕಡೆ ಬದಲಾಯಿಸಿ, ಬಯಲಲ್ಲಿ ಗೆರೆ ಎಳೆಯಬೇಡಿ.

ಗೋಡೆ ಸೀಲಿಂಗ್ ಸೇರುವ ಗೆರೆ ಸೊಟ್ಟಗಿದೆ. ಏನು ಮಾಡಲಿ?

ಸೀಲಿಂಗ್ ಬಣ್ಣವನ್ನು ಗೋಡೆಯ ಮೇಲೆ ಎರಡು ಮೂರು ಇಂಚು ಕೆಳಗೆ ಇಳಿಸಿ. ಅಲ್ಲಿ ಟೇಪ್ ಹಾಕಿ ನೆಟ್ಟಗೆ ಗೆರೆ ತೆಗೆಯಿರಿ. ಕಣ್ಣು ನೆಟ್ಟಗಿನ ಗೆರೆಯನ್ನೇ ಹಿಡಿಯುತ್ತದೆ, ಮೇಲಿನ ಸೊಟ್ಟ ಮರೆಯಾಗುತ್ತದೆ. ಎರಡೂ ಬಣ್ಣ ಹತ್ತಿರದವಾಗಿದ್ದರೆ ಇಷ್ಟೂ ಬೇಡ.

ಹಳೇ ಮನೆ. ಸೀಲಿಂಗ್‌ಗೆ ಸುಣ್ಣ ಬಳಿದಿದ್ದಾರೆ. ಮೇಲೆ ಪೇಂಟ್ ನಿಲ್ಲುತ್ತದಾ?

ಕೈಯಿಂದ ಸವರಿ ನೋಡಿ. ಬೆರಳಿಗೆ ಬಿಳಿ ಪುಡಿ ಹತ್ತಿದರೆ ನಿಲ್ಲುವುದಿಲ್ಲ, ಸುಣ್ಣದ ಸಮೇತ ಹಕ್ಕಳೆ ಎದ್ದು ಬರುತ್ತದೆ. ಸಡಿಲವಾದದ್ದನ್ನು ಕೆರೆದು, ಒರೆಸಿ, ಪುಡಿ ಹಿಡಿದಿಡುವ ಪ್ರೈಮರ್ ಹಾಕಿದ ಮೇಲೆ ಪುಟ್ಟಿ, ಪೇಂಟ್.

ಎರಡು ವಿಷಯಕ್ಕೆ ಹುಷಾರು. ತುಂಬಾ ಹಳೆಯ ಪೇಂಟ್‌ಗಳಲ್ಲಿ ಸೀಸ ಇರಬಹುದು. ಒಣ ತಿಕ್ಕಿದರೆ ಆ ಧೂಳು ಮಕ್ಕಳಿಗೆ ತುಂಬಾ ಕೆಟ್ಟದ್ದು. ಹಾಗೆಯೇ ಹಳೇ ಕಟ್ಟಡಗಳಲ್ಲಿ ತರಿತರಿಯಾಗಿ ಎರಚಿದ ಸೀಲಿಂಗ್‌ನಲ್ಲಿ, ಸಿಮೆಂಟ್ ಹಲಗೆಯಲ್ಲಿ ಆಸ್ಬೆಸ್ಟಾಸ್ (ಕಲ್ನಾರು) ಇರಬಹುದು. ಪರೀಕ್ಷೆ ಮಾಡಿಸದೆ ಕೆರೆಯುವುದು, ಕೊರೆಯುವುದು ಬೇಡ. ಅಂದಹಾಗೆ ತರಿತರಿ ಸೀಲಿಂಗ್‌ನಲ್ಲಿ ಪ್ರತಿ ತರಿಗೂ ಒಂದು ನೆರಳು ಇರುವುದರಿಂದ ಬಣ್ಣ ಒಂದು ಮಟ್ಟ ಗಾಢವಾಗಿ ಕಾಣುತ್ತದೆ. ಶೇಡ್ ತಿಳಿಯಾಗಿರಲಿ.

ಎಷ್ಟು ಪೇಂಟ್ ಬೇಕಾಗುತ್ತದೆ?

ನಯವಾದ ಮೇಲ್ಮೈಯಲ್ಲಿ ಒಂದು ಲೀಟರ್, ಒಂದು ಕೋಟ್‌ಗೆ ಸುಮಾರು 10 ಚದರ ಮೀಟರ್ ಬರುತ್ತದೆ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಸೀಲಿಂಗ್ ಸುಮಾರು 11 ಚದರ ಮೀಟರ್. ಎರಡು ಕೋಟ್‌ಗೆ ಎರಡೂವರೆ ಲೀಟರ್ ಇಟ್ಟುಕೊಳ್ಳಿ. ತರಿತರಿಯಾಗಿದ್ದರೆ, ಗಾಢ ಬಣ್ಣವಾದರೆ ಜಾಸ್ತಿ ಬೇಕು. ಬಣ್ಣ ಬೆರೆಸಿದ ಡಬ್ಬಿಗಳು ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ ಒಂದು ದೊಡ್ಡ ಬಕೆಟ್‌ಗೆ ಸುರಿದು ಕಲಸಿ. ಡಬ್ಬಿಯಿಂದ ಡಬ್ಬಿಗೆ ಕೂದಲೆಳೆ ವ್ಯತ್ಯಾಸ ಇದ್ದರೂ ಸೀಲಿಂಗ್ ನಡುವೆ ಅದು ಗೆರೆಯಾಗಿ ಕಾಣುತ್ತದೆ.

ಮೊದಲು ಸೀಲಿಂಗಾ, ಗೋಡೆಯಾ?

ಸೀಲಿಂಗ್. ಹನಿ ಕೆಳಗೇ ಬೀಳುವುದು. ಮೊದಲು ಸುತ್ತ ಅಂಚನ್ನು ಬ್ರಶ್‌ನಿಂದ ಬಿಡಿಸಿ, ಅದು ಒಣಗುವ ಮೊದಲೇ ರೋಲರ್ ಸೇರಿಸಬೇಕು. ಒಣಗಿದ ಅಂಚಿನ ಮೇಲೆ ರೋಲರ್ ಹತ್ತಿದರೆ ಸುತ್ತ ಚೌಕಟ್ಟು ಹಾಕಿದ ಹಾಗೆ ಕಾಣುತ್ತದೆ. ಕೊನೆಯ ಕೋಟ್‌ನ ರೋಲರ್ ಕಿಟಕಿಯಿಂದ ಬೆಳಕು ಬರುವ ದಿಕ್ಕಿನಲ್ಲೇ ಓಡಲಿ, ಅಡ್ಡಕ್ಕಲ್ಲ. ಫ್ಯಾನ್ ಹಾಕಿ ಬೇಗ ಒಣಗಿಸುವ ಆತುರ ಬೇಡ, ಅಂಚು ಬೇಗ ಒಣಗಿ ಗೆರೆ ಉಳಿಯುತ್ತದೆ.

ಫ್ಯಾನ್, ದೀಪದ ಬಣ್ಣ ಸೀಲಿಂಗ್‌ಗೆ ಹೊಂದಬೇಕಾ?

ಕಾಣಬಾರದು ಅನಿಸಿದರೆ ಹೊಂದಲಿ. ಬಿಳಿ ಸೀಲಿಂಗ್ ಮೇಲೆ ಕಂದು ಫ್ಯಾನ್ ಹಾಕಿದರೆ ಕೋಣೆಯಲ್ಲಿ ಮೊದಲು ಕಾಣುವುದು ಫ್ಯಾನ್. ಕೆಲವು ಕೋಣೆಗಳಲ್ಲಿ ಅದೇ ಚೆಂದ.

ಒಂದು ಕಡೆ ಗೀರು ಬಿದ್ದಿದೆ. ಉಳಿದ ಪೇಂಟಿನಲ್ಲಿ ಅಷ್ಟಕ್ಕೇ ಹಚ್ಚಬಹುದಾ?

ಮ್ಯಾಟ್ ಬಿಳಿಯಾಗಿದ್ದು ವರ್ಷದೊಳಗಿನದಾದರೆ ಆಗಬಹುದು. ಚಿಕ್ಕ ರೋಲರ್‌ನಲ್ಲಿ ತೆಳ್ಳಗೆ ಹಚ್ಚಿ, ಅಂಚನ್ನು ಒಣ ರೋಲರ್‌ನಿಂದ ಸವರಿಬಿಡಿ. ಬ್ರಶ್ ಮುಟ್ಟಿಸಬೇಡಿ, ರೋಲರ್ ಮಾಡಿದ ಮೇಲ್ಮೈಯಲ್ಲಿ ಬ್ರಶ್ ಗುರುತು ಬೇರೆಯಾಗಿಯೇ ಕಾಣುತ್ತದೆ. ಗಾಢ ಬಣ್ಣಕ್ಕೆ, ಹೊಳಪಿನದಕ್ಕೆ ತೇಪೆ ಕೆಲಸ ನಡೆಯುವುದಿಲ್ಲ. ಹಾಗಾಗಿ ಉಳಿದ ಪೇಂಟನ್ನು ಬಿಸಾಡಬೇಡಿ. ಮುಚ್ಚಳ ಬಿಗಿಯಾಗಿ ಹಾಕಿ, ಯಾವ ಕೋಣೆ, ಯಾವ ತಿಂಗಳು ಅಂತ ಡಬ್ಬಿಯ ಮೇಲೆ ಬರೆದಿಡಿ. ಮುಚ್ಚಳದ ಮೇಲಲ್ಲ, ಪಕ್ಕದಲ್ಲಿ. ಮುಚ್ಚಳಗಳು ಅದಲು ಬದಲಾಗುತ್ತವೆ.